ಊರಿಗೆ ಹೋಗುವವರು ಯಾರು?

ಮನೆಯಳಿಯನಾಗಿ ಬಾಳುವುದಕ್ಕಿಂತ ಮನೆಯಿಲ್ಲದವನಾಗಿ ಬಾಳುವುದೇ ಲೇಸು ಎಂದು ನಂಬಿದವನು ನಾನು. ಬೆಜವಾಡದಲ್ಲಿ (ನಕ್ಷೆಯಲ್ಲಿ ವಿಜಯವಾಡ, ನನ್ನ ಹೆಂಡತಿ ಭ್ರಮರಾಂಬಳ ಬಾಯಲ್ಲಿ ಬೆಜವಾಡ) ಉಪ್ಪಿನಕಾಯಿ ಅಂಗಡಿ ಇಟ್ಟಿರುವ ಮಾವ ದಕ್ಷಿಣಾಮೂರ್ತಿಗಳು "ಬಂದು ಗಲ್ಲಾದಲ್ಲಿ ಕೂತ್ಕೊಳ್ಳಿ" ಎಂದಾಗಲೆಲ್ಲ, ವಿಶಾಖಪಟ್ಟಣದ ನನ್ನ ಬೆಲ್ಲದ ಮಂಡಿಯನ್ನು ಗುರಾಣಿಯಂತೆ ಮುಂದೆ ಹಿಡಿಯುತ್ತಿದ್ದೆ.

ಅಂಥ ನನಗೆ ಎರಡು ಸಾವಿರದ ಏಳರಲ್ಲಿ ದಿವ್ಯಜ್ಞಾನವಾಯಿತು. ಇಲ್ಲಿನ ನಮ್ಮ ಕನ್ನಡಿಗರೆಲ್ಲ ಬ್ಯಾಡಗಿ ಮೆಣಸಿನಕಾಯಿಗೆ, ಹಲಸಿನ ಹಪ್ಪಳಕ್ಕೆ ಬಾಯಿ ಬಿಡುವವರು. ಅವರಲ್ಲೇ ಯಾರೋ ಒಬ್ಬರು ಸದಾ ಊರಿನ ರೈಲು ಹತ್ತುತ್ತಿರುತ್ತಾರೆ. ಇವರಿಬ್ಬರಿಗೂ ಇಂಟರ್‌ನೆಟ್ಟಿನಲ್ಲಿ ಗಂಟು ಹಾಕಿದರೆ? ಒಂದು ಕಡೆ ಊರಿಗೆ ಹೋಗುವವರು, ಇನ್ನೊಂದು ಕಡೆ ತರಿಸಿಕೊಳ್ಳುವವರು. ಉಕ್ಕಿನ ಕಾರ್ಖಾನೆ ಟೌನ್‌ಷಿಪ್ಪಿನ ಎಂಜಿನಿಯರ್ ಅರವಿಂದ ಭಾನುವಾರಗಳಲ್ಲಿ ಕೂತು ವೆಬ್‌ಸೈಟ್ ಕಟ್ಟಿದ (ಸಂಭಾವನೆ: ಭ್ರಮರಾಂಬಳ ಹೆಸರುಕಾಳಿನ ದೋಸೆ, ಪೆಸರಟ್ಟು). ನಾನು ಹುರುಪಿನಲ್ಲಿ ಮಾವನಿಗೆ ಫೋನ್ ಮಾಡಿ, "ದಸರಾದೊಳಗೆ ಇದು ನಡೆಯದಿದ್ದರೆ ನಾನೇ ಬಂದು ನಿಮ್ಮ ಗಲ್ಲಾದಲ್ಲಿ ಕೂರುತ್ತೇನೆ" ಎಂದುಬಿಟ್ಟೆ. ವ್ಯಾಪಾರಿ ಮೊದಲು ಬಾಯಿ ಬಿಡಬಾರದು. ಬಿಟ್ಟೆ.

ತರಿಸಿಕೊಳ್ಳುವವರ ಕಡೆ ಜಾತ್ರೆಯೋ ಜಾತ್ರೆ. ಬೆಜವಾಡದಿಂದ ಪಾರ್ವತಿ ಎಂಬುವರು, "ರುಬ್ಬುಗುಂಡು ಒಂದು. ನಮ್ಮದು ಮನೆ ಬದಲಾಯಿಸುವಾಗ ಕಳೆದುಹೋಯಿತು" ಎಂದು ಬರೆದಿದ್ದರು. ಹೋಗುವವರ ಕಡೆ ಮಾತ್ರ ಆಗತಾನೆ ಸಾರಿಸಿದ ಅಂಗಳದ ಹಾಗೆ ಖಾಲಿ.

"ಸರ್, ಬಟನ್ ಬಣ್ಣ ಬದಲಾಯಿಸೋಣ" ಎಂದ ಅರವಿಂದ. ಕೆಂಪಾಯಿತು, ಹಸಿರಾಯಿತು. ಒತ್ತುವ ಬೆರಳೇ ಬರಲಿಲ್ಲ. ದಸರಾ ಬರುತ್ತಲೇ ಇತ್ತು.

ಒಂದು ಬೆಳಿಗ್ಗೆ ಭ್ರಮರಾಂಬ ಸೌಟು ಹಿಡಿದೇ ಬಂದು ಪರದೆ ನೋಡಿದಳು.

"ಏಮಂಡೀ, ಊರಿಗೆ ಹೋಗ್ತೀನಿ ಅಂತ ನಿಮ್ಮೋರು ಯಾರಾದ್ರೂ ಬಾಯಿ ಬಿಟ್ಟು ಹೇಳಿದ್ದುಂಟಾ? ನಿಮ್ಮ ತಂಗಿ ಮದುವೆಗೆ ಹೊರಟಾಗ ಎದುರುಮನೆಯೋರಿಗೆ ಏನಂದ್ರಿ?"

"ಅನಕಾಪಲ್ಲಿಗೆ, ಬೆಲ್ಲ ನೋಡೋಕೆ ಅಂದೆ."

"ರೇಷ್ಮೆ ಪಂಚೆ ಉಟ್ಕೊಂಡು!"

"ಹೇಳಿದ್ರೆ ಅವರು ಹಪ್ಪಳ ತರೋಕೆ ಹೇಳ್ತಿದ್ರು ಕಣೇ!"

"ಅದೇ ನಾನೂ ಹೇಳ್ತಿರೋದು. ಹೋಗೋದನ್ನ ಬಚ್ಚಿಡ್ತೀರಿ. ಬಂದ್ಮೇಲೆ ಅದೇ ಎದುರುಮನೆಯೋರಿಗೆ ಹಪ್ಪಳದ ಡಬ್ಬಿ ಮುಚ್ಚಳ ತೆಗೆದು ತೋರಿಸ್ದೋರು ಯಾರು?"

 ಮಂಡಿಯಲ್ಲಿ ರೈತನ ಬೆಲ್ಲ ಕೊಳ್ಳುವಾಗ ಮೊದಲು ಅದರ ಬಣ್ಣ ಹೊಗಳಬೇಕೆಂದು ಬಲ್ಲವನು, ಇಲ್ಲಿ ಜನರ ತಲೆಯ ಮೇಲಿನ ಹೊರೆಯನ್ನು ವಿಚಾರಿಸುತ್ತ ಕೂತಿದ್ದೆ. ಜನ ಹೊರೆಯ ಮಾತು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೆಮ್ಮೆಯ ಮಾತು ಬಂದರೆ ಕುರ್ಚಿ ಹಾಕುತ್ತಾರೆ.

ಆ ದಿನವೇ "ಊರಿಂದ ಬಂದವರು ತಂದದ್ದೇನು?" ಎಂಬ ಹೊಸ ಪುಟ ತೆರೆಯಿತು. ತಂದವರೆಲ್ಲ ಮೆರೆದರು, ಮಿಕ್ಕಿದ್ದನ್ನು ಬದಲಾಯಿಸಿಕೊಂಡರು. ಇಲ್ಲೇ ಗಾಜುವಾಕ ಬಡಾವಣೆಯ ಗಂಗಾಭವಾನಿ ಎಂಬುವರು, "ತವರಿನ ರುಬ್ಬುಗುಂಡು ಇದೆ. ಗ್ರೈಂಡರ್ ಬಂದ ಮೇಲೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದೇವೆ" ಎಂದು ಬರೆದರು. ದಸರಾಕ್ಕೆ ಮೊದಲೇ ನನ್ನ ಸೈಟು ನಡೆಯಿತು, ಓಡಿತು!

ಮಾವನಿಗೆ ಫೋನ್ ಮಾಡಿದೆ. ಧ್ವನಿಯಲ್ಲಿ ಸಾಕಷ್ಟು ಬೆಣ್ಣೆ, ಸ್ವಲ್ಪ ಮೆಣಸು.

"ನೋಡಿದೆ ಅಲ್ಲುಡುಗಾರೂ, ಅಳಿಯಂದಿರೇ," ಎಂದರು ಅವರು. "ನಮ್ಮ ಅಮ್ಮಾಯಿ ಭ್ರಮರಾಂಬ ಎಲ್ಲ ಹೇಳಿದಳು. ನಮ್ಮ ಬೆಜವಾಡದ ಕನ್ನಡದೋರೂ ಸೇರಿದ್ದಾರಂತಲ್ಲ, ಸಾಮಾನು ಕೊಟ್ಟು ತಗೊಳ್ಳೋಕೆ ಒಂದು ಜಾಗ ಬೇಕಲ್ಲವೇ? ನಮ್ಮ ಅಂಗಡಿ ಇದೆ. ಆದರೆ ಆ ಹಪ್ಪಳದ ವ್ಯವಹಾರ ನನಗೇನು ತಿಳಿಯುತ್ತೆ? ನೀವೇ ಬಂದು ಗಲ್ಲಾದಲ್ಲಿ..."

ಸೋತರೂ ಗಲ್ಲಾ, ಗೆದ್ದರೂ ಗಲ್ಲಾ. ಹಬ್ಬದ ಒಂದು ತಿಂಗಳು ಮಾತ್ರವಂತೆ. (ಮನೆಯಳಿಯಂದಿರೆಲ್ಲ ಒಂದು ತಿಂಗಳಿಗೆಂದೇ ಹೋದವರು.)

ಶನಿವಾರ ಯಾರಿಗೂ ಹೇಳದೆ ಚೀಲ ಹಿಡಿದು ಹೊರಟೆ. ಎದುರುಮನೆಯವರು ಗೇಟಿನಲ್ಲೇ ಇದ್ದರು.

"ಅನಕಾಪಲ್ಲಿಗೆ, ಬೆಲ್ಲ ನೋಡೋಕೆ" ಎಂದೆ.

"ಬೆಜವಾಡಕ್ಕಲ್ವಾ? ನೆಟ್‌ನಲ್ಲಿ ನೋಡಿದೆ" ಎಂದರು ಅವರು.

ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದ ಹೋಗುವವರ ಪುಟದಲ್ಲಿ ಕೊನೆಗೂ ಒಂದು ಹೆಸರು, ನನ್ನದೇ, ಬಿದ್ದಿತ್ತು: "ನಟರಾಜ. ಬೆಜವಾಡಕ್ಕೆ, ಶನಿವಾರದ ರೈಲು. ಒಂದು ಕೈ ಖಾಲಿ ಇದೆ." ಬರೆದವಳು ನನ್ನ ಸಹಧರ್ಮಿಣಿ. ಸ್ಟೇಷನ್ನಿನಲ್ಲಿ ಗಂಗಾಭವಾನಿಯವರು ಹಳೇ ಸೀರೆಯಲ್ಲಿ ಸುತ್ತಿದ ಕೂಸಿನಂಥದ್ದನ್ನು ಎತ್ತಿಕೊಂಡು ನನಗಾಗಿ ಕಾಯುತ್ತಿದ್ದರು.

ಬೆಜವಾಡದ ಪಾರ್ವತಿಯವರಿಗೆ ತಲುಪಬೇಕಾದ ರುಬ್ಬುಗುಂಡನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತೆ. ಆದರೂ ಎದುರುಮನೆಯವರಿಗೆ ನಾನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ರೈಲು ಅನಕಾಪಲ್ಲಿ ದಾಟುವಾಗ ಕಿಟಕಿಯಿಂದ ಬೆಲ್ಲದ ಗಾಡಿಗಳನ್ನು ಕಣ್ತುಂಬ ನೋಡಿದೆ.