ಆರು ಮೊದಲೋ, ಮೂರು ಮೊದಲೋ

ತನ್ನ ಲೆಕ್ಕವನ್ನು ತಪ್ಪು ಎನ್ನುವ ಜೀವ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮರಗೆಲಸದ ಮೇಸ್ತ್ರಿ ನಂಬಿದ್ದ. ಹುಟ್ಟಿತ್ತು. ಅದು ಅವನ ಮಗಳ ಶಾಲೆಯಲ್ಲೇ ಗಣಿತ ಹೇಳಿಕೊಡುತ್ತಿತ್ತು.

"ಐದಕ್ಕೆ ಒಂದು!" ಮೇಸ್ತ್ರಿ ಮಗಳ ನೋಟ್‌ಬುಕ್ ಹಿಡಿದು ಕಿರುಚಿದ. "ನಾನೇ ಕೂತು ಮಾಡಿಸಿದ ಲೆಕ್ಕಕ್ಕೆ!"

"ಅದಕ್ಕೇ ಒಂದು ಬಂದಿರೋದು" ಎಂದಳು ಮಗಳು.

ಎಕ್ಸ್‌ಗೆ ಎರಡು ವೈ ಕೂಡಿಸಿದರೆ ಹನ್ನೆರಡು; ಹಾಗೆ ಹೊಂದುವ ಐದು ಜೋಡಿ ಬರೆಯಿರಿ, ಎಕ್ಸ್ ಮೊದಲು, ವೈ ಆಮೇಲೆ. ಇಷ್ಟೇ ಲೆಕ್ಕ. ಮೇಸ್ತ್ರಿಗೆ ವೈ ಹಿಡಿದು ಹೊರಟರೆ ಸುಲಭ ಎನಿಸಿತ್ತು. ವೈ ಮೂರಾದರೆ ಅದರ ಎರಡರಷ್ಟು ಆರು, ಉಳಿದ ಆರು ಎಕ್ಸ್. ಮೊದಲು ಸಿಕ್ಕಿದ್ದನ್ನು ಮೊದಲು ಇಟ್ಟು (೩, ೬) ಎಂದು ಬರೆಸಿದ. ಐದೂ ಜೋಡಿ ತಲೆಕೆಳಗಾದವು. (೪, ೪) ಮಾತ್ರ ಹೇಗೆ ಮಗುಚಿದರೂ ಅದೇ ಆದ್ದರಿಂದ ಬಚಾವಾಗಿ, ಮನೆತನಕ್ಕೆ ಒಂದು ಅಂಕ ತಂದಿತ್ತು.

"ಎಕ್ಸ್ ಮೂರು, ವೈ ಆರು ಅಂದ್ರೆ ಮೂರಕ್ಕೆ ಹನ್ನೆರಡು ಕೂಡಿ ಹದಿನೈದಾಗುತ್ತಪ್ಪಾ."

"ಯಾಕಾಗುತ್ತೆ? ಎರಡು ಅಂಕಿಯೂ ಅಲ್ಲೇ ಇವೆಯಲ್ಲ! ನೋಡಿದೋರಿಗೆ ಗೊತ್ತಾಗಬೇಡ್ವಾ?"

ಮೇಸ್ತ್ರಿ ಅಲ್ಲೇ ಕೂತು ಟೀಚರಿಗೊಂದು ಘನಘೋರ ಪತ್ರ ಬರೆದ. "ಎರಡೂ ಅಂಕಿ ಸರಿಯಿರುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಬುದ್ಧಿಯಿದ್ದವರಿಗೆ ಒಂದು ವಿಷಯವೇ ಅಲ್ಲ." ಕೆಳಗೆ ಅರ್ಧ ಹಾಳೆ ತುಂಬುವ ಸಹಿ.

"ಪತ್ರ ಇರ್ಲಿ, ನನ್ನ ಕಪಾಟು ಎಲ್ರೀ?" ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿಯ ದನಿ ಬಂತು. (ಊರಿನ ಅರ್ಧ ಬಟ್ಟೆ ಹೊಲಿಯುವವಳು. ಬಾಯಿ ತುಂಬ ಗುಂಡುಪಿನ್ನಿದ್ದರೂ ಮಾತಿಗೆ ಅಡ್ಡಿಯಿಲ್ಲ.) ಮೂರು ವರ್ಷದಿಂದ ಕಿಟಕಿ ಬಾಗಿಲುಗಳ ನಡುವಿನ ಗೋಡೆ ಬಟ್ಟೆಗಂಟುಗಳ ಹಿಂದೆ ಮರೆಯಾಗಿತ್ತು. "ಶನಿವಾರ ಕಪಾಟು ಬರ್ಲಿಲ್ಲ ಅಂದ್ರೆ ಈ ಗಂಟೆಲ್ಲ ನಿಮ್ಮ ಮಂಚದ ಮೇಲೆ. ನೀವು ನಿಮ್ಮ ಅಂಗಡೀಲಿ ಹಲಗೆ ಮೇಲೆ ಮಲ್ಕೊಳ್ಳಿ."

"ಮುಗೀತು ಕಣೇ! ನೀನು ಕೊಟ್ಟ ಚೀಟಿಯಂತೆ ಗೆರೆ ಕೊರೆದ ಹಾಗೆ ಮಾಡಿದೀನಿ."

ಚೀಟಿಯಲ್ಲಿ "೬, ೩" ಎಂದಿತ್ತು. ಆರಡಿ ಅಗಲ ಯಾಕಪ್ಪಾ ಎಂದು ಮೇಸ್ತ್ರಿಗೂ ಅನಿಸಿತ್ತು. ಆದರೆ ಹೆಂಡತಿಯನ್ನು ಒಂದು ಕೇಳಿದರೆ ಹತ್ತು ಕೇಳಿಸಿಕೊಳ್ಳಬೇಕು. ಮನೆಯ ಗೋಡೆಗೆ ಟೇಪು ಹಿಡಿಯುವುದು ಅವನ ಘನತೆಗೆ ಕಮ್ಮಿ.

ಶನಿವಾರ ಬೆಳಿಗ್ಗೆ ಇಬ್ಬರು ಹಮಾಲರು ಕಪಾಟು ತಂದು ಇಳಿಸಿದರು. ಆರಡಿ ಅಗಲ, ಮೂರಡಿ ಎತ್ತರ. ಗಂಟು ಸರಿಸಿದ ಮೇಲೆ ಕಂಡ ಗೋಡೆಯ ಅಗಲ ಮೂರಡಿ.

"ಅಯ್ಯೋ ನನ್ನ ಕರ್ಮ! ಆರು ಅಂದ್ರೆ ಎತ್ತರ ಅಲ್ವೇನ್ರೀ?"

"ಅಗಲ ತಾನೇ ಮೊದಲು ಬರೆಯೋದು! ಎಲ್ಲ ಬಡಗಿಗಳೂ ಹಾಗೇ ಬರೆಯೋದು!"

"ಚೀಟಿ ಬರೆದೋಳು ದರ್ಜಿ! ನಮ್ಮಲ್ಲಿ ಉದ್ದ ಮೊದಲು!"

ಹದಿನೇಳು ವರ್ಷ ಒಂದೇ ಸೂರಿನಡಿ ಬಾಳಿದವರಿಗೆ ಇದು ಆ ಶನಿವಾರ ತಿಳಿಯಿತು. ಎತ್ತಿ ನಿಲ್ಲಿಸಿದರಾಯಿತು ಎಂದು ಮೇಸ್ತ್ರಿ ಕಪಾಟನ್ನು ಮಗುಚಿ ನಿಲ್ಲಿಸಿದ. ಒಳಗಿನ ಅಡ್ಡಹಲಗೆಗಳೆಲ್ಲ ಗೋಡೆಗಳಾದವು. ತೆಗೆದರೆ ಕೆಳಗಿನ ಬಾಗಿಲು ಕಾಲ್ಬೆರಳಿನ ಮೇಲೆ ಬಿತ್ತು, ಮೇಲಿನದು ನೆತ್ತಿಗೆ ಬಡಿಯಿತು.

ಆಗಲೇ ಟೀಚರ್ ಬಂದರು. ಕೈಯಲ್ಲಿ ಮೇಸ್ತ್ರಿ ಬರೆದ ಪತ್ರವಿತ್ತು.

"ಮೇಸ್ತ್ರಿಗಳೇ, ಇದನ್ನ ಮುಖತಃ ಮಾತಾಡೋಣ ಅಂತ..." ಎಂದವರು ಕಪಾಟು, ಗೋಡೆ, ನೆತ್ತಿ ಉಜ್ಜಿಕೊಳ್ಳುತ್ತಿದ್ದ ಮೇಸ್ತ್ರಿ, ಮೂರನ್ನೂ ನೋಡಿದರು. "ಏನಾಯ್ತು?"

"ಅಮ್ಮ ಆರು, ಮೂರು ಅಂತ ಕೊಟ್ರು. ಅಪ್ಪ ಮೂರು, ಆರು ಮಾಡ್ಬೇಕಿತ್ತು" ಎಂದಳು ಮಗಳು. "ನಾಲ್ಕು, ನಾಲ್ಕು ಆಗಿದ್ರೆ ಪಾಸಾಗ್ತಿದ್ರು."

ಟೀಚರ್ ನಗಲಿಲ್ಲ. ತುಟಿ ಕಚ್ಚಿಕೊಂಡು, ಪತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ನನಗೆ ಉತ್ತರ ಸಿಕ್ತು" ಎಂದು ಹೊರಟುಹೋದರು. ಮೇಸ್ತ್ರಿ ಕೈ ಚಾಚುವಷ್ಟರಲ್ಲಿ ಹೆಂಡತಿ ಅದನ್ನು ಎತ್ತಿಕೊಂಡು, ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಬಾಯಿಂದ ಎರಡು ಗುಂಡುಪಿನ್ನು ತೆಗೆದಳು.

ಈಗ ಗಂಟುಗಳು ಮಂಚದ ಮೇಲಿವೆ. ಮೇಸ್ತ್ರಿ ಅಂಗಡಿಯಲ್ಲಿದ್ದಾನೆ. ಪತ್ರ ಎಲ್ಲಕ್ಕಿಂತ ಮೇಲಿನ ಗಂಟಿನ ಮೇಲಿದೆ. ಬಟ್ಟೆ ಕೊಡಲು ಬಂದವರೆಲ್ಲ ಓದಿ, ಯಾರು ಬರೆದದ್ದು ಎಂದು ಕೇಳುತ್ತಾರೆ. ಮೇಸ್ತ್ರಿ ನಾನಲ್ಲ ಎನ್ನೋಣವೆಂದರೆ, ಸಹಿ ಅರ್ಧ ಹಾಳೆ ತುಂಬಿದೆ.