ರಾಜನ ಹುಟ್ಟುಹಬ್ಬಗಳೂ ನನ್ನದೂ

ರಾಜರುಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೈಸೂರಿನಲ್ಲಿ ಹುಟ್ಟಿದವಳು ಇಂಥ ಮಾತಾಡಬಾರದು, ಗೊತ್ತು. ಆದರೆ ಕಾನ್ವೆಂಟಿನ ಡಿಬೇಟಿನಲ್ಲಿ ಅರಸೊತ್ತಿಗೆ ಬೇಡವೆಂದು ಮೇಜು ಕುಟ್ಟಿ ಕಪ್ ಗೆದ್ದವಳು ನಾನು. ಅಂಗೈಯಷ್ಟು ಕಪ್ಪಿನ ಜಂಭ ಇನ್ನೂ ಇಳಿದಿಲ್ಲ. ಅಂಥವಳು ಮುಪ್ಪಿನಲ್ಲಿ ಬಂದು ಸೇರಿದ್ದು ನಾಣ್ಯದ ಮೇಲೆ ರಾಜನ ಮುಖವಿರುವ ಆಸ್ಟ್ರೇಲಿಯಾಕ್ಕೆ. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಮಗ ಮೋಹನನ ಮನೆ. ಇಲ್ಲಿಯ ರಾಜ ದೂರದಲ್ಲೆಲ್ಲೋ ಇದ್ದಾನೆ. ಎಲ್ಲವೂ ಅವನ ಹೆಸರಿನಲ್ಲಿ ನಡೆಯುತ್ತದೆ, ಅವನನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ನನ್ನ ಪೊಸಿಷನ್ನೂ ಅದೇ. ಸೊಸೆ ರೇಖಾ ಎಲ್ಲ ತೀರ್ಮಾನಿಸಿಯಾದ ಮೇಲೆ ಬಂದು, "ನೀವು ಹೇಗೆ ಹೇಳ್ತೀರೋ ಹಾಗೆ ಅತ್ತೆ" ಎನ್ನುತ್ತಾಳೆ. ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ.

ಕಷ್ಟ ಶುರುವಾದದ್ದು ನನಗೆ ಎಪ್ಪತ್ತೈದು ತುಂಬುವ ವರ್ಷ. ಮೂರು ಮಕ್ಕಳೂ ಒಂದು ಟೇಬಲಿಗೆ ಕೂತು ನನ್ನ ಕೈಯ ಹೋಳಿಗೆ ತಿನ್ನಬೇಕು, ಇಷ್ಟೇ ನನ್ನ ಆಸೆ. ಅವರಪ್ಪ ಹೋದ ಮೇಲೆ ಅವರು ಹಾಗೆ ಕೂತದ್ದೇ ಇಲ್ಲ. ದೊಡ್ಡವಳು ಸವಿತಾ ಪರ್ತ್‌ನಲ್ಲಿ. ಚಿಕ್ಕವಳು ಪದ್ಮಾ ಅಡಿಲೇಡಿನಲ್ಲಿ ನರ್ಸ್.

"ಕಿಂಗ್ಸ್ ಬರ್ತ್‌ಡೇ ಲಾಂಗ್ ವೀಕೆಂಡಲ್ಲಿ ಮಾಡ್ಬಿಡೋಣ," ಎಂದ ಮೋಹನ.

ರಾಜನೇನೋ ಒಬ್ಬನೇ. ಆದರೆ ಅವನ ಹುಟ್ಟುಹಬ್ಬದ ರಜೆ ಅಡಿಲೇಡಿನಲ್ಲಿ ಜೂನ್‌ಗೆ, ಪರ್ತ್‌ನಲ್ಲಿ ಸೆಪ್ಟೆಂಬರ್ ಕೊನೆಗೆ, ನಮ್ಮಲ್ಲಿ ಅಕ್ಟೋಬರಿಗೆ. ಪುಣ್ಯಾತ್ಮ ನಿಜವಾಗಿ ಹುಟ್ಟಿದ್ದು ನವೆಂಬರಿನಲ್ಲಂತೆ!

ನಗುವ ಹಕ್ಕು ನನಗೂ ಇಲ್ಲ ಬಿಡಿ. ಅಮ್ಮ ಹೇಳುತ್ತಿದ್ದಂತೆ ನಾನು ಹುಟ್ಟಿದ್ದು ನವರಾತ್ರಿಯ ಸರಸ್ವತಿ ಪೂಜೆಯ ದಿನ. ಕಾನ್ವೆಂಟಿನ ಅಡ್ಮಿಷನ್ನಿಗೆ ಹೋದಾಗ ಅಪ್ಪನಿಗೆ ತಾರೀಖು ನೆನಪಿರಲಿಲ್ಲ. ಸಿಸ್ಟರ್ ತಾವೇ ಜೂನ್ ಎಂದು ಬರೆದುಕೊಂಡರು. ಶಾಲೆ ತೆರೆಯುವ ತಿಂಗಳಲ್ಲವೇ, ನಮ್ಮ ಕ್ಲಾಸಿನ ಅರ್ಧ ಹುಡುಗಿಯರು ಜೂನ್‌ನಲ್ಲೇ ಹುಟ್ಟಿದವರು. ಈ ಎರಡು ಜನ್ಮಗಳೇ ವಿಡಿಯೋ ಕಾಲ್‌ನಲ್ಲಿ ಮಕ್ಕಳಿಗೆ ಆಯುಧವಾದವು.

"ಪಾಸ್‌ಪೋರ್ಟಲ್ಲಿ ಜೂನ್ ಅಂತಿದೆ. ಎಲ್ಲರೂ ಇಲ್ಲಿಗೆ ಬನ್ನಿ," ಎಂದಳು ಪದ್ಮಾ.

"ಆಹಾ! ನಿನಗೆ ರಜಾ ಇದೆ ಅಂತ ಅಮ್ಮ ಜೂನಲ್ಲಿ ಹುಟ್ಬೇಕೇನೆ? ಅವಳು ಹುಟ್ಟಿದ್ದು ನವರಾತ್ರೀಲಿ. ಸೆಪ್ಟೆಂಬರ್, ಪರ್ತ್," ಎಂದಳು ಸವಿತಾ.

"ಈ ವರ್ಷ ನವರಾತ್ರಿ ಅಕ್ಟೋಬರಲ್ಲಿ ಕಣೇ," ಎಂದ ಮೋಹನ, ಪಂಚಾಂಗವನ್ನೇ ಬರೆದವನ ಹಾಗೆ.

"ನನ್ನ ಡ್ಯೂಟಿ ರೋಸ್ಟರ್ ನಿಮಗೆಲ್ಲ ತಮಾಷೆ ಅಲ್ವಾ? ನಾನು ಬರಲ್ಲ, ಹೋಗಿ!" ಪದ್ಮಾ ಕಾಲ್ ಕಟ್ ಮಾಡಿಬಿಟ್ಟಳು. ನನ್ನ ಹೋಳಿಗೆ ಹೂರಣದಲ್ಲೇ ಉಳಿಯಿತು ಎಂದುಕೊಂಡೆ.

ಮೋಹನನ ಮಗಳು ದಿಯಾಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನ್ನ ಮುಖ ನೋಡಿ ಸಮಾಧಾನ ಹೇಳಿದಳು: "ಇಟ್ಸ್ ಓಕೆ ಅಜ್ಜಿ. ಈವನ್ ದ ಕಿಂಗ್ ಡಸಂಟ್ ಗೆಟ್ ಹಿಸ್ ಬರ್ತ್‌ಡೇ ಆನ್ ಹಿಸ್ ಬರ್ತ್‌ಡೇ."

ಮರುದಿನ ಯಾರನ್ನೂ ಕೇಳದೆ ಫ್ಯಾಮಿಲಿ ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದೆ. "ಜೂನೂ ಬೇಡ, ನವರಾತ್ರೀನೂ ಬೇಡ. ನವೆಂಬರಲ್ಲಿ ರಾಜ ನಿಜವಾಗಿ ಹುಟ್ಟಿದ ದಿನ ಬನ್ನಿ. ಅವತ್ತು ಯಾರಿಗೂ ರಜಾ ಇಲ್ಲ. ಎಲ್ಲರೂ ಲೀವ್ ಹಾಕಿ." ರೇಖಾ ಫೋನಿನಿಂದ ತಲೆಯೆತ್ತಿದಳು. "ನೀವು ಹೇಗೆ ಹೇಳ್ತೀರೋ ಹಾಗೆ ಅತ್ತೆ," ಎಂದಳು. ಆ ಮಾತನ್ನು ಅವಳು ನಿಜವಾಗಿ ಹೇಳಿದ್ದು ಅದೇ ಮೊದಲು.

ಬಂದರು. ಪದ್ಮಾ ಶಿಫ್ಟ್ ಬದಲಾಯಿಸಿಕೊಂಡು, ಹಿಂದಿನ ರಾತ್ರಿಯೇ ಬಂದಳು. ಬ್ರಿಸ್ಬೇನಿನ ಸೆಕೆಯಲ್ಲಿ ನಾನು ಹೋಳಿಗೆ ಬೇಯಿಸುತ್ತಿದ್ದರೆ ಮೂವರೂ ಟೇಬಲಿನಲ್ಲಿ ತುಪ್ಪದ ಮಿಳ್ಳೆಗೆ ಕಿತ್ತಾಡುತ್ತಿದ್ದರು. ಹೊರಗೆ ಇಡೀ ಊರು ಆಫೀಸಿಗೆ ಹೋಗಿತ್ತು. ಪಾಪ, ರಾಜನ ನಿಜವಾದ ಹುಟ್ಟುಹಬ್ಬಕ್ಕೆ ರಜೆ ಹಾಕಿ ಕೂತವರು ಈ ದೇಶದಲ್ಲಿ ನನ್ನ ಮಕ್ಕಳಷ್ಟೇ ಇರಬೇಕು. ಕಾವಲಿಯಿಂದ ಇಳಿದ ಮೊದಲ ಹೋಳಿಗೆಯನ್ನು ಅವನ ಹೆಸರಿನಲ್ಲಿ ಎತ್ತಿಟ್ಟೆ. ಡಿಬೇಟಿನ ಕಪ್ಪನ್ನು ಯಾರೂ ವಾಪಸ್ ಕೇಳದಿದ್ದರೆ ಸಾಕು.