ಕಂಬಳಿ ತಿಂದ ಮಿಷನ್ನು

ತಾಳ್ಯದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನಾಗಭೂಷಣ ಅವತ್ತು ಬಾಯಿ ಮುಚ್ಚಿಕೊಂಡು ಮುದ್ದೆ ಉಂಡು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಡ್ರಿಲ್ ಮೇಷ್ಟ್ರು ನೋಡಿ, ಯಾರಾದರೂ ಮೈಕೈ ನೋವು ಅಂದರೆ ಸಾಕು, ಸಲಹೆ ಕೊಡದೆ ಇರಲಾರರು.

ಅವರದು ಹದಿನಾರು ಜನರ ಮನೆ. ದಿನಾ ಬೆಳಿಗ್ಗೆ ಹಿತ್ತಲ ಕಲ್ಲಿನ ಪಕ್ಕ ಬೀಳುತ್ತಿದ್ದ ಬಟ್ಟೆಯ ಗುಡ್ಡೆ ನೋಡಿದರೆ ಹಿಂದಿನ ದಿನ ಆ ಮನೆಯಲ್ಲಿ ಮದುವೆ ಮುಗಿದಿರಬೇಕು ಅನ್ನಿಸುತ್ತಿತ್ತು. ಅದನ್ನೆಲ್ಲ ಹಿಂಡಿ ಹಿಂಡಿ ಮೇಷ್ಟ್ರ ಹೆಂಡತಿ ದೇವಿಕಾಳ ಮಣಿಕಟ್ಟು ಬಾತುಕೊಂಡಿತ್ತು. ಸಾರು ಬಡಿಸುತ್ತಾ ಅವಳು "ಅಮ್ಮಾ" ಅಂದಳು. ಮೇಷ್ಟ್ರು ತಲೆ ಎತ್ತಿದರು.

"ಬಟ್ಟೆ ಒಗಿಯೋದು ಒಳ್ಳೆ ಎಕ್ಸರ್‌ಸೈಜು ಕಣೆ. ಭುಜ, ಸೊಂಟ, ಮೊಣಕೈ, ಮೂರಕ್ಕೂ ಒಳ್ಳೇದು. ನೀನು ನಿಂತ್ಕಳೋ ರೀತಿ ಸರಿ ಇಲ್ಲ, ಅದಕ್ಕೇ ನೋವು."

ಸಾರಿನ ಸೌಟು ಗಾಳಿಯಲ್ಲೇ ನಿಂತಿತು.

"ಹಂಗಾ? ಹಂಗಾದ್ರೆ ನಾಳೆಯಿಂದ ಸರಿಯಾಗಿ ನಿಂತ್ಕಂಡು ನೀವೇ ಒಗೀರಿ. ಮಿಷನ್ ತರ್ತೀನಿ, ತರ್ತೀನಿ ಅಂತ ಎರಡು ವರ್ಷ ಆತು. ಮಿಷನ್ ಬಂದು ಈ ಮನೆ ಬಟ್ಟೆ ಒಗಿಯೋತನಕ ಆ ಕಲ್ಲು ನಿಮ್ದು."

ಮೇಷ್ಟ್ರು ನ್ಯಾಯಕ್ಕಾಗಿ ತಾಯಿ ಕಾಳಕ್ಕನ ಕಡೆ ನೋಡಿದರು. ಐವತ್ತು ವರ್ಷ ಅದೇ ಕಲ್ಲಿನ ಮೇಲೆ ಬಟ್ಟೆ ಕುಕ್ಕಿದ್ದ ಕಾಳಕ್ಕ "ಸರಿಯಾಗಿ ಹೇಳ್ದೆ ಕಣವ್ವ" ಎಂದು ಸೊಸೆಗೆ ಹೇಳಿ ಮಜ್ಜಿಗೆ ಕುಡಿದಳು. ಅಡುಗೆಮನೆಯಲ್ಲಿ ನಾದಿನಿಯರಿಬ್ಬರು ಕಿಸಕ್ಕನೆ ನಕ್ಕರು. ಅಲ್ಲಿಗೆ ತೀರ್ಪು ಆಯಿತು.

ಒಂಬತ್ತು ದಿನ ಮೇಷ್ಟ್ರು ಒಗೆದರು. ಮಕ್ಕಳ ಕಣ್ಣಿಗೆ ಬೀಳಬಾರದೆಂದು ಕೋಳಿ ಕೂಗುವ ಹೊತ್ತಿಗೇ ಎದ್ದು ಶುರು ಮಾಡುತ್ತಿದ್ದರು. ಆದರೆ ಪಕ್ಕದ ಮನೆಯ ಹುಚ್ಚಕ್ಕ ಕೋಳಿಗಿಂತ ಮೊದಲೇ ಎದ್ದು ಗೋಡೆಯ ಮೇಲೆ ಗಲ್ಲ ಊರಿಕೊಂಡು ನಿಂತಿರುತ್ತಿದ್ದಳು.

"ಮೇಷ್ಟ್ರೆ, ಕಾಲರ್ ಉಜ್ಜಲಿಲ್ಲ ನೀವು. ಆ ಲಂಗ ಉಲ್ಟಾ ಮಾಡ್ಕಳ್ರಿ. ನೀಲಿ ಕಮ್ಮಿ ಆತು."

ನಾಲ್ಕನೇ ದಿನಕ್ಕೆ ಎಂಟನೇ ಕ್ಲಾಸಿನ ಹುಡುಗರು ಸಾಲಾಗಿ ನಿಂತು "ಸಾರ್, ಇವತ್ತು ಬಟ್ಟೆ ಒಣಗಿದ್ವಾ?" ಎಂದು ಬಹಳ ವಿನಯದಿಂದ ಕೇಳಿದರು. ಮೇಷ್ಟ್ರಿಗೆ ಅಳು ಬಂದಿತ್ತು, ಆದರೆ ಮೈದಾನದಲ್ಲಿ ಅಳುವುದು ಡ್ರಿಲ್ ಮೇಷ್ಟ್ರಿಗೆ ಶೋಭೆಯಲ್ಲ. ಎಲ್ಲರನ್ನೂ ಮೂರು ಸುತ್ತು ಓಡಿಸಿದರು.

ಹತ್ತನೇ ದಿನ ಭಾನುವಾರ. ಇವತ್ತು ಮಿಷನ್ ತರಲೇಬೇಕು, ನಾಳೆಯಿಂದ ಕಲ್ಲು ಮುಟ್ಟಬಾರದು ಎಂದು ಹಟ ತೊಟ್ಟು ಚಿತ್ರದುರ್ಗಕ್ಕೆ ಹೊರಟರು. ಜೇಬಿನಲ್ಲಿ ಪಟ್ಟಿ ಇತ್ತು. ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿ ಬರೆದುಕೊಂಡಿದ್ದ ಪಟ್ಟಿ: ಹತ್ತು ಕೆಜಿ, ಮುಂದೆ ಬಾಗಿಲು, ಬಿಸಿನೀರಿನ ಸೌಕರ್ಯ. ಹದಿನಾರು ಜನರಿಗೆ ಅದಕ್ಕಿಂತ ಸಣ್ಣದು ಸಾಲದು.

ಬಾಗಿಲು ದಾಟುವಷ್ಟರಲ್ಲಿ ದೊಡ್ಡಪ್ಪ ಚಿತ್ರಲಿಂಗಪ್ಪ ಕೋಲು ಹಿಡಿದು, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಎದುರಿಗೆ ನಿಂತಿದ್ದ. ಮನೆಯ ಯಜಮಾನ. ಅರವತ್ತು ವರ್ಷ ಕುರಿ ವ್ಯಾಪಾರ ಮಾಡಿದವನು. ಟಗರಿಗಿಂತ ಬೆಲೆಬಾಳುವ ಯಾವ ವಸ್ತುವೂ ಅವನು ಕೈಯಾಡಿಸಿ ನೋಡದೆ ಆ ಮನೆಗೆ ಬಂದದ್ದಿಲ್ಲ.

"ನಡಿಯಪ್ಪ ನಾಗ, ಹೋಗಾಣ."

"ದೊಡ್ಡಪ್ಪ, ನೀನ್ಯಾಕೆ? ಮಿಷನ್ ಅದು."

"ಏನಾದ್ರಾಗ್ಲಿ. ನಾಲ್ಕು ಕಾಲು ಅವೆ ತಾನೆ?"

ಇಷ್ಟು ಸಾಲದೆಂಬಂತೆ ಹುಚ್ಚಕ್ಕನೂ ಹೊಸ ಸೀರೆ ಉಟ್ಟು ಬಂದಳು. ಹಿರಿಯೂರಿಗೆ ಕೊಟ್ಟಿರುವ ಅವಳ ಮಗಳು ಅನುಪಮಾಳ ಮನೆಯಲ್ಲಿ ಮಿಷನ್ ಇತ್ತು. "ಮಿಷನ್ ಬಗ್ಗೆ ತಿಳಿದೋರು ಒಬ್ರು ಬ್ಯಾಡ್ವೇನ್ರಿ ಮೇಷ್ಟ್ರೆ?" ಎಂದು ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದಳು.

ಶೋರೂಮಿನಲ್ಲಿ ಮೀನಾಕ್ಷಿ ಎಂಬ ಹುಡುಗಿ ನಗುನಗುತ್ತಾ ಮಿಷನ್ ತೋರಿಸುತ್ತಿದ್ದಳು. ಮೇಷ್ಟ್ರು ಪಟ್ಟಿ ಕೊಟ್ಟರು. ಅವಳು ನೇರವಾಗಿ ಹತ್ತು ಕೆಜಿಯದರ ಮುಂದೆ ಕರೆದೊಯ್ದಳು. ಬೆಳ್ಳಗೆ ಹೊಳೆಯುತ್ತಿತ್ತು. ಮೇಷ್ಟ್ರಿಗೆ ಮೊದಲ ನೋಟಕ್ಕೇ ಅದರ ಮೇಲೆ ಪ್ರೀತಿ ಹುಟ್ಟಿತು.

"ಇದು ಎಷ್ಟು ಕೆಜೀದಮ್ಮ?" ಎಂದ ಚಿತ್ರಲಿಂಗಪ್ಪ.

"ಹತ್ತು ಕೆಜಿ, ಅಜ್ಜಾ."

"ಹತ್ತೇ ಕೆಜಿನಾ? ಅದು ಮರಿ ಕಣ್ಲೇ ನಾಗ! ಅಷ್ಟು ದೊಡ್ಡ ಮನೆಗೆ ಮರಿ ಹೊಡ್ಕಂಡು ಹೋಗಾಣೇನೋ?"

"ಅಲ್ಲಜ್ಜಾ, ಅದು ಒಳಗೆ ಹಾಕೋ ಬಟ್ಟೆ ತೂಕ. ಮಿಷನ್ನೇ ಎಪ್ಪತ್ತು ಕೆಜಿ ಐತೆ."

ಚಿತ್ರಲಿಂಗಪ್ಪ ಮಿಷನ್ನಿನ ಬೆನ್ನಿನ ಮೇಲೆ ಕೈಯಾಡಿಸಿದ. ಪಕ್ಕೆ ಒತ್ತಿದ. ಬಗ್ಗಿ ಕಾಲು ನೋಡಿದ. ಆಮೇಲೆ ಮುಂದಿನ ಗಾಜಿನ ಬಾಗಿಲು ತೆಗೆದು ಮೊಣಕೈತನಕ ಕೈ ಹಾಕಿ ಹುಡುಕಿದ.

"ಬಾಯಿ ಹೊಟ್ಟೆ ಮ್ಯಾಲೈತೆ. ಇಂಥದ್ದು ನಾನು ಕೊಳ್ಳಲ್ಲ."

"ನಾನೂ ಅದೇ ಅನ್ನಾಣ ಅಂತಿದ್ದೆ," ಎಂದಳು ಹುಚ್ಚಕ್ಕ. "ಮುಂದೆ ಬಾಗಿಲು ತೆಗೆದ್ರೆ ನೀರೆಲ್ಲ ಪಡಸಾಲೆಗೆ ಬರ್ತೈತೆ. ನಮ್ಮ ಅನುಪಮಾಂದು ಮ್ಯಾಲೆ ತೆಗಿಯೋದು."

"ನೀರು ಬರಲ್ಲಮ್ಮ, ಬಾಗಿಲು ತಾನೇ ಲಾಕ್ ಆಗ್ತೈತೆ," ಎಂದು ಮೀನಾಕ್ಷಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿತ್ರಲಿಂಗಪ್ಪ ಕೋಲು ಊರಿ ತನ್ನ ನಿಯಮ ಹೇಳಿದ. "ನೋಡು ತಾಯಿ, ಸಂತೇಲಿ ತಿನ್ನೋದು ನೋಡ್ದೆ, ನಡಿಯೋದು ನೋಡ್ದೆ ನಾನು ಒಂದು ಕುರೀನೂ ಹಿಡಿದೋನಲ್ಲ. ಎಷ್ಟು ಚೆಂದ ಇದ್ರೇನು, ಮನೆಗೆ ಹೋದ ಮ್ಯಾಲೆ ಮೇವು ಬಿಟ್ರೆ ಯಾರನ್ನ ಕೇಳಾಣ? ತಿನ್ನಿಸಿ ತೋರ್ಸು."

ಮೂಲೆಯಲ್ಲಿ ಡೆಮೊಗೆಂದೇ ನಲ್ಲಿ ಜೋಡಿಸಿಟ್ಟ ಆರೂವರೆ ಕೆಜಿಯ ಒಂದು ಸಣ್ಣ ಮಿಷನ್ ಇತ್ತು. ಬಾಯಿ ಮೇಲಿತ್ತು. ಮೀನಾಕ್ಷಿ ಅದಕ್ಕೆ ಎರಡು ಕರ್ಚೀಫು, ಸ್ವಲ್ಪ ಸೋಪಿನ ಪುಡಿ ಹಾಕಿ ನೀರು ಬಿಟ್ಟಳು. ಅಷ್ಟರಲ್ಲಿ ಮಾಲೀಕರು ಇನ್ನೊಂದು ಗಿರಾಕಿಗೆ ಫ್ರಿಜ್ ತೋರಿಸಲು ಕರೆದರು, ಅವಳು "ಒಂದ್ನಿಮಿಷ" ಎಂದು ಹೋದಳು. ಅದೇ ಹೊತ್ತಿಗೆ ಮೇಷ್ಟ್ರ ಫೋನು ಹೊಡೆದುಕೊಂಡಿತು. ದೇವಿಕಾ. ಮೇಷ್ಟ್ರು ಹೊರಗೆ ಹೋದರು.

"ಸಿಕ್ತೇನ್ರಿ?"

"ಸಿಕ್ತು ಕಣೆ. ಹತ್ತು ಕೆಜೀದು. ಬಿಸಿನೀರು ಅದೇ ಕಾಯಿಸ್ಕಂತೈತಂತೆ. ನಾಳೆಯಿಂದ ನೀನೂ ಕಲ್ಲು ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ!" ಮೇಷ್ಟ್ರ ಧ್ವನಿ ಸಂತೋಷಕ್ಕೆ ಒಡೆಯಿತು.

ಒಳಗೆ ಹುಚ್ಚಕ್ಕ ಕರ್ಚೀಫುಗಳನ್ನು ಬಗ್ಗಿ ನೋಡಿ ಮೂತಿ ತಿರುವುತ್ತಿದ್ದಳು. "ಅಯ್ಯೋ, ಟಗರಿಗೆ ಎರಡೇ ಗರಿಕೆ ಹಾಕಿದ್ರೆ ತಿನ್ನದೆ ಏನ್ ಮಾಡ್ತೈತೆ? ಹೊಟ್ಟೆ ತುಂಬ ಹಾಕಿ ನೋಡ್ಬೇಕು."

ಚಿತ್ರಲಿಂಗಪ್ಪನಿಗೆ ಅದು ಬಹಳ ನ್ಯಾಯವಾಗಿ ಕಂಡಿತು. ಹೆಗಲ ಮೇಲಿನ ಕಂಬಳಿ ತೆಗೆದು, ಮಡಿಸಿ, ಮಿಷನ್ನಿನ ಬಾಯಿಗೆ ತುರುಕಿದ. ಹುಚ್ಚಕ್ಕ ಮುಚ್ಚಳ ಹಾಕಿ, "ನಮ್ಮ ಅನುಪಮಾ ಹಿಂಗೇ ತಿರುಗ್ಸೋದು" ಎಂದು ಗುಂಡಿಯನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ ಬಿಟ್ಟಳು.

ಮಿಷನ್ನು ಮೊದಲು ಮುಲುಗಿತು, ಆಮೇಲೆ ಗುಡುಗತೊಡಗಿತು. ಮೀನಾಕ್ಷಿ ಓಡಿ ಬಂದು "ಅಜ್ಜಾ, ಉಣ್ಣೆ ಹಾಕ್ಬಾರ್ದು!" ಎಂದು ಸ್ವಿಚ್ಚಿಗೆ ಕೈ ಹಾಕಿದಳು. ಚಿತ್ರಲಿಂಗಪ್ಪ ಕೋಲು ಅಡ್ಡ ಹಿಡಿದ.

"ತಿನ್ನೋವಾಗ ಮುಟ್ಟಬ್ಯಾಡ ತಾಯಿ. ಬೆದರ್ತೈತೆ."

ಮಾಲೀಕರು ಬಂದರು. ಅವರಿಗೂ ಕೋಲು ಅಡ್ಡ ಬಂತು. ಅರ್ಧ ಗಂಟೆ ಮಿಷನ್ನು ಕಂಬಳಿಯನ್ನು ಹೊರಳಿಸಿ ಹೊರಳಿಸಿ ಕುಕ್ಕಿತು. ನೇಯುವಾಗ ಹಚ್ಚಿದ್ದ ಹುಣಸೆಬೀಜದ ಅಂಟೆಲ್ಲ ಬಿಟ್ಟು, ಹಿಂದಿನ ಪೈಪಿನಿಂದ ಕರ್ರಗಿನ ನೀರು ಸುರಿಯಿತು. ಹೊರಗೆ ಹೆಂಡತಿಗೆ ಬಿಸಿನೀರಿನ ಸೌಕರ್ಯವನ್ನು ವಿವರವಾಗಿ ಹೇಳಿ ಮುಗಿಸಿದ ಮೇಷ್ಟ್ರು ಒಳಗೆ ಕಾಲಿಡುವುದಕ್ಕೂ ಮಿಷನ್ನು ಬಟ್ಟೆ ಹಿಂಡಲು ಶುರು ಮಾಡುವುದಕ್ಕೂ ಸರಿಹೋಯಿತು. ಕಂಬಳಿಯ ಭಾರ ಒಂದೇ ಕಡೆ ಬಿದ್ದು, ಮಿಷನ್ನು ಕುಣಿದು ಕುಪ್ಪಳಿಸಿ, ಪೈಪು ಕಿತ್ತುಕೊಂಡು, ಎರಡು ಮಾರು ದೂರ ಮೇಷ್ಟ್ರ ಕಡೆಗೇ ನಡೆದು ಬಂತು.

"ಸಾವಧಾನ್!" ಎಂದು ಮೇಷ್ಟ್ರು ಕಿರುಚಿದರು. ಹದಿನೆಂಟು ವರ್ಷದ ಅಭ್ಯಾಸ, ಬಾಯಿಗೆ ಬೇರೆ ಏನೂ ಬರಲಿಲ್ಲ.

ವೈರು ಕಿತ್ತುಹೋಗಿ ಮಿಷನ್ನು ಅವರ ಮೊಣಕಾಲಿಗೆ ಒರಗಿ ನಿಂತಿತು.

"ನಡೀತು!" ಎಂದ ಚಿತ್ರಲಿಂಗಪ್ಪ. ಅವನ ಮುಖ ಅರಳಿತ್ತು. "ತಿಂತು, ನಡೀತು. ಲೇ ನಾಗ, ಇದೇ ಇರ್ಲಿ."

"ಇದೇ ಇರ್ಲಿ ಅನ್ನೋದೇನ್ರಿ, ಇದನ್ನೇ ತಗಂಡ್ಹೋಗ್ಬೇಕು!" ಎಂದರು ಮಾಲೀಕರು, ಕರಿ ನೀರಿನಲ್ಲಿ ನಿಂತುಕೊಂಡು. "ಇನ್ನು ಇದನ್ನ ಯಾರು ಮುಟ್ತಾರೆ?"

ಕೊಳ್ಳುವವನಿಗೂ ಇದೇ ಬೇಕಿತ್ತು, ಮಾರುವವನಿಗೂ ಇದೇ ಹೋಗಬೇಕಿತ್ತು. ಇಂಥ ಒಮ್ಮತದ ಮುಂದೆ ಮೇಷ್ಟ್ರ ಪಟ್ಟಿ ಯಾವ ಲೆಕ್ಕ? ಹತ್ತು ಕೆಜಿಯ ಬೆಳ್ಳನೆ ಮಿಷನ್ನನ್ನು ಕೊನೆಯ ಸಲ ನೋಡಿ ನಿಟ್ಟುಸಿರು ಬಿಟ್ಟರು. ಇರಲಿ, ದಿನಕ್ಕೆ ನಾಲ್ಕು ಸಲ ಹಾಕಿದರಾಯಿತು, ಕಲ್ಲಂತೂ ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡರು.

ಆದರೆ ಕಂಬಳಿ ಹೊರಗೆ ತೆಗೆದಾಗ ಅದರ ಉದ್ದ ಅಗಲ ಅರ್ಧವಾಗಿ, ದಪ್ಪ ಎರಡರಷ್ಟಾಗಿತ್ತು. ಬಿಲ್ಲು, ಊಟ, ಗೂಡ್ಸ್ ಗಾಡಿ ಹುಡುಕುವುದು ಎಂದು ಮೂರು ಗಂಟೆ ಹೋಯಿತು. ಅಷ್ಟು ಹೊತ್ತೂ ಚಿತ್ರಲಿಂಗಪ್ಪ ಕಂಬಳಿಯನ್ನು ಬಿಸಿಲಿಗೆ ಹರವಿಕೊಂಡು ಪಕ್ಕದಲ್ಲೇ ಕೂತಿದ್ದ. ಗಾಡಿ ಹೊರಟಾಗ ಡ್ರೈವರ್ ಪಕ್ಕ ಕೂರಲು ಒಪ್ಪದೆ ಹಿಂದೆ ಹತ್ತಿ ಮಿಷನ್ನಿನ ಪಕ್ಕ ನಿಂತ. "ಹೊಸ ಜೀವ, ದಾರೀಲಿ ಇಳಿದು ಹೋದ್ರೆ?" ಎಂದಷ್ಟೇ ಹೇಳಿದ.

ಹೊಳಲ್ಕೆರೆ ದಾಟುತ್ತಲೇ ಮಳೆ ಹಿಡಿಯಿತು. ಮುಂದೆ ಕೂತ ಮೇಷ್ಟ್ರು ಗಾಡಿ ನಿಲ್ಲಿಸಿ ಕರೆದರೆ ಮುದುಕ ಕೈ ಬೀಸಿ "ನಡಿ ನಡಿ" ಅಂದ. ಮಳೆ ನಿಂತದ್ದು ತಾಳ್ಯ ಸಿಕ್ಕಿದ ಮೇಲೆಯೇ.

ಗಾಡಿ ಮನೆ ಮುಂದೆ ನಿಂತಿತು. ದೇವಿಕಾ ಟವೆಲ್ ಹಿಡಿದು ಓಡಿ ಬಂದಳು. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದ ಚಿತ್ರಲಿಂಗಪ್ಪ ಮೆಲ್ಲಗೆ ಇಳಿದು ಅದನ್ನು ತೆಗೆದ. ಅಂಗಿ ಬೆಚ್ಚಗೆ ಒಣಗಿತ್ತು.

"ಒಂದು ಹನಿ ಒಳಗೆ ಬಂದಿಲ್ಲ ಕಣ್ರಲೇ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. "ಅರವತ್ತು ವರ್ಷದಿಂದ ಕಂಬಳಿ ಹೊದ್ದಿದೀನಿ, ಇಂಥದ್ದು ಕಂಡಿಲ್ಲ. ಮಿಷನ್ ಕುಕ್ಕಿ ಕುಕ್ಕಿ ಗಟ್ಟಿ ಮಾಡೈತೆ!"

ಎದುರುಮನೆಯ ಕುರಿಗಾರ ಕೆಂಚಣ್ಣ ನಂಬಲಿಲ್ಲ. ತಾನೇ ಕೊಪ್ಪೆ ಹಾಕಿಕೊಂಡು ಕೂತು, ಹೆಂಡತಿಯಿಂದ ಒಂದು ಕೊಡ ನೀರು ತಲೆ ಮೇಲೆ ಸುರಿಸಿಕೊಂಡ. ಎದ್ದು ತಲೆ ಮುಟ್ಟಿ ನೋಡಿಕೊಂಡ. ಮನೆಗೆ ಓಡಿದವನು ತನ್ನ ಕಂಬಳಿ ಹೊತ್ತು ತಂದ. ಮಿಷನ್ನನ್ನು ಬಚ್ಚಲ ಪಕ್ಕ ಇಟ್ಟು ನಲ್ಲಿ ಜೋಡಿಸುವಷ್ಟರಲ್ಲಿ ಜಗುಲಿಯ ಮೇಲೆ ಇಪ್ಪತ್ತಮೂರು ಕಂಬಳಿ ಬಿದ್ದಿದ್ದವು. ಹುಚ್ಚಕ್ಕ ಬಾಗಿಲಲ್ಲಿ ನಿಂತು ಸಾಲು ಸರಿ ಮಾಡುತ್ತಿದ್ದಳು.

"ದೊಡ್ಡಪ್ಪ, ಮನೆ ಬಟ್ಟೆ?" ಎಂದರು ಮೇಷ್ಟ್ರು.

"ಮಳೆಗಾಲ ಮುಗೀಲಪ್ಪ. ಕುರಿ ಹಿಂದೆ ಹೋಗೋರು ನೆನೀತಾ ಇರಬೇಕಾದ್ರೆ ನಿನ್ನ ಪ್ಯಾಂಟಿಂದು ಏನವಸರ?"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ದೇವಿಕಾ ಮಿಷನ್ನಿನೊಳಗೆ ಬಗ್ಗಿ ನೋಡಿ, ಒಂದು ಹಿಡಿ ಕರಿ ಉಣ್ಣೆ ಎತ್ತಿ ತೋರಿಸಿದಳು. "ಇದ್ರಾಗೆ ನಿಮ್ಮ ಬಿಳಿ ಪ್ಯಾಂಟು ಹಾಕಿದ್ರೆ ಕರಡಿ ಆಗಿ ಬರ್ತೈತೆ."

"ಆದ್ರೂ ಮಿಷನ್ ಬಂತಲ್ಲೇ! ಕಲ್ಲು ತಪ್ತು ತಾನೆ?"

"ಬಂದು ಈ ಮನೆ ಬಟ್ಟೆ ಒಗಿಯೋತನಕ ಅಂದಿದ್ದೆ," ಎಂದಳು ದೇವಿಕಾ. "ಬಂದೈತೆ. ಒಗಿಯೋದು ಮಳೆಗಾಲ ಆದ ಮ್ಯಾಲೆ."

ಸೋಮವಾರ ಬೆಳಿಗ್ಗೆ ಸೋನೆಮಳೆ. ಬಚ್ಚಲ ಪಕ್ಕ ಹೊಸ ಮಿಷನ್ನು ಕೆಂಚಣ್ಣನ ಕಂಬಳಿಯನ್ನು ಗುಡುಗುಡು ಕುಕ್ಕುತ್ತಿತ್ತು. ಹಿತ್ತಲ ಕಲ್ಲಿನ ಮುಂದೆ ಮೇಷ್ಟ್ರು ಎರಡು ದಿನದ ಬಟ್ಟೆಯ ಗುಡ್ಡೆಯ ನಡುವೆ ನೆನೆಯುತ್ತಾ ಕುಕ್ಕುತ್ತಿದ್ದರು. ಗೋಡೆಯ ಮೇಲೆ ಹುಚ್ಚಕ್ಕ ಗಲ್ಲ ಊರಿದ್ದಳು.

ಚಿತ್ರಲಿಂಗಪ್ಪ ಹಿತ್ತಲಿಗೆ ಬಂದು ತಮ್ಮನ ಮಗನನ್ನು ನೋಡಿದ. ಅವನ ಮನಸ್ಸು ಕರಗಿತು. ತನ್ನ ಗಟ್ಟಿ ಕಂಬಳಿಯನ್ನು ತೆಗೆದು, ಕೊಪ್ಪೆ ಮಾಡಿ, ಪ್ರೀತಿಯಿಂದ ಮೇಷ್ಟ್ರ ತಲೆಗೆ ಹಾಕಿದ.

"ಯಾಕೆ ನೆನೀತೀಯ ಮಗನೇ? ಇದು ಹಾಕ್ಕಂಡು ಆರಾಮಾಗಿ ಒಗಿ. ಒಂದು ಹನಿ ಒಳಗೆ ಬರಲ್ಲ."